ಅವಧಾನ ಭಕ್ತಿಯೂ ಬಾಗಿಲ ಕಣ್ಣೂ

ವೀರಶೈವ ಷಟ್‌ಸ್ಥಲ ಸಿದ್ಧಾಂತದಲ್ಲಿ ಮೂರನೆಯದಾದ ಪ್ರಸಾದಿಸ್ಥಲಕ್ಕೆ ಅವಧಾನ ಭಕ್ತಿಯನ್ನು ವಿಧಿಸಿರುವುದು ಭಕ್ತರೆಲ್ಲರೂ ಬಲ್ಲ ವಿಷಯವೇ ಸರಿ. ಭಕ್ತನಿಗೆ ಶ್ರದ್ಧೆ, ಮಹೇಶ್ವರನಿಗೆ ನಿಷ್ಠೆ, ಪ್ರಸಾದಿಗೆ ಅವಧಾನ, ಪ್ರಾಣಲಿಂಗಿಗೆ ಅನುಭಾವ, ಶರಣನಿಗೆ ಆನಂದ, ಐಕ್ಯನಿಗೆ ಸಮರಸ ಎಂದು ಮಠದ ಪಾಠಶಾಲೆಯ ಬಾಲಕರೂ ತಡೆಯಿಲ್ಲದೆ ಒಪ್ಪಿಸಬಲ್ಲರು. ಆದರೆ ಅದೇ ಪ್ರಸಾದಿಸ್ಥಲಕ್ಕೆ ಶಿವಲಿಂಗವನ್ನೂ, ಆ ಲಿಂಗಕ್ಕೆ ನೇತ್ರವೆಂಬ ಮುಖವನ್ನೂ, ರೂಪವೆಂಬ ಪದಾರ್ಥವನ್ನೂ, ನಿರಹಂಕಾರವೆಂಬ ಹಸ್ತವನ್ನೂ ಏತಕ್ಕಾಗಿ ಸಂಬಂಧಿಸಿದರೆಂಬುದನ್ನು ಕುಳಿತು ಆಲೋಚಿಸುವವರು ವಿರಳ. ಕಣ್ಣು ಕಂಡದ್ದೆಲ್ಲವೂ ಮೊದಲಿಗೆ ಕೇವಲ ಪದಾರ್ಥ. ಅದನ್ನು ಕಣ್ಣಿನಲ್ಲಿರುವ ಶಿವಲಿಂಗಕ್ಕೆ ಅರ್ಪಿಸಿದ ಬಳಿಕವೇ ಅದು ಪ್ರಸಾದವಾಗುವುದು. ಅರ್ಪಿಸುವ ಕೈಯಾದರೋ ನಿರಹಂಕಾರ. ಹೀಗಿರಲು, ಅಹಂಕಾರದಿಂದ ಕಂಡ ರೂಪವು ಎಷ್ಟು ಸ್ಪಷ್ಟವಾಗಿ ಕಂಡರೂ ಪ್ರಸಾದವಾಗಲಾರದೆಂಬುದು ತಾನಾಗಿಯೇ ಸಿದ್ಧವಾಗುತ್ತದೆ. ಅವಧಾನವೆಂದರೆ ಬರಿಯ ಎಚ್ಚರವಲ್ಲ, ಅರ್ಪಿತದ ಎಚ್ಚರ. ಕಳ್ಳನಿಗೂ ಎಚ್ಚರವುಂಟು, ಅದನ್ನು ಅವಧಾನವೆಂದು ಕರೆದವರಿಲ್ಲ.

ಈ ಕಾಲದ ಗೃಹಸ್ಥರ ಮನೆಗಳಿಗೆ ಇನ್ನೊಂದು ಕಣ್ಣು ಬಂದು ಸೇರಿದೆ. ಮುಷ್ಟಿಯಷ್ಟು ಗಾತ್ರದ ಕ್ಯಾಮೆರಾ ಪಡಸಾಲೆಯ ಮೂಲೆಯಲ್ಲಿಯೋ ಬಾಗಿಲ ಮೇಲೆಯೋ ಕುಳಿತು, ಮನೆಯಲ್ಲಿ ನಡೆಯುವುದನ್ನು ನಿಸ್ತಂತು ಅಲೆಗಳ ಮೂಲಕ ರೂಟರ್ ಎಂಬ ಪೆಟ್ಟಿಗೆಗೂ, ಅಲ್ಲಿಂದ ಇಂಟರ್‌ನೆಟ್ಟಿನ ಮುಖಾಂತರ ನೂರಾರು ಹರದಾರಿ ದೂರದಲ್ಲಿರುವ ಮಗನ ಮೊಬೈಲಿಗೂ ಮುಟ್ಟಿಸುತ್ತದೆ. ಮಕ್ಕಳು ಬೆಂಗಳೂರು, ಪುಣೆ, ಅಮೆರಿಕೆಗಳಲ್ಲಿದ್ದು ತಾಯಿತಂದೆಗಳು ಊರಿನಲ್ಲಿ ಉಳಿದಿರುವ ಕುಟುಂಬಗಳು ಹೆಚ್ಚಾಗಿರುವಾಗ ಇಂಥ ಸಾಧನವನ್ನು ಹಳಿಯುವುದು ಸಲ್ಲದು. ಮುಪ್ಪಿನ ತಾಯಿ ಜಾರಿ ಬಿದ್ದರೆ ತಿಳಿಯಬೇಕು. ಅಪರಿಚಿತರು ಬಾಗಿಲಿಗೆ ಬಂದರೆ ತಿಳಿಯಬೇಕು. ಮನೆಗೆ ಕಾವಲಿಡುವುದು ಭಕ್ತಿಗೆ ವಿರುದ್ಧವೆಂದು ಶರಣರು ಎಲ್ಲಿಯೂ ಹೇಳಿದವರಲ್ಲ. ಊರಿನ ಕಾವಲನ್ನೇ ಕಾಯಕವಾಗಿ ಮಾಡಿಕೊಂಡಿದ್ದ ತಳವಾರ ಕಾಮಿದೇವಯ್ಯನವರು ವಚನಕಾರರ ಸಾಲಿನಲ್ಲಿದ್ದಾರೆ. ಅದೇ ಸಾಲಿನಲ್ಲಿ, ಪೂರ್ವಾಶ್ರಮದಲ್ಲಿ ಕನ್ನ ಕೊರೆಯುತ್ತಿದ್ದರೆಂದು ಹೇಳಲಾಗುವ ಕನ್ನದ ಮಾರಿತಂದೆಗಳೂ ಇದ್ದಾರೆ. ಕಾಯುವವನನ್ನೂ ಕದಿಯುವವನನ್ನೂ ಒಂದೇ ಶಿವಭಕ್ತಿಯ ಕೆಳಗೆ ಕೂರಿಸಿದ ಹನ್ನೆರಡನೆಯ ಶತಮಾನದ ಆ ಧೈರ್ಯವನ್ನು ಈಗಿನವರು ನೆನೆದರೂ ಸಾಕು.

ಕ್ಯಾಮೆರಾ ಕೊಂಡವರೆಲ್ಲರೂ ಒಂದಲ್ಲ ಒಂದು ದಿನ ಕಾಣುವ ತೊಂದರೆಯೆಂದರೆ ಅದರ ಸಂಪರ್ಕವು ಆಗಾಗ ಕಡಿದುಹೋಗುವುದು. ಮೊಬೈಲಿನಲ್ಲಿ ಮನೆಯ ಪಡಸಾಲೆ ಕಾಣುತ್ತಿದ್ದುದು ಇದ್ದಕ್ಕಿದ್ದಂತೆ ಕರಿಯಾಗಿ, ಸಾಧನವು ಸಂಪರ್ಕದಲ್ಲಿಲ್ಲವೆಂಬ ಬರಹ ಮೂಡುತ್ತದೆ. ಇದನ್ನೇ ಹಿಡಿದು, ರೂಟರೇ ಗುರು, ಅಲೆಯೇ ಮಂತ್ರ, ಸಂಪರ್ಕ ಕಡಿದುದೇ ಭವಿತನ ಎಂದು ಉಪಮಾನ ಕಟ್ಟುವ ಭಾಷಣಗಳು ಸಭೆಯನ್ನು ನಗಿಸಬಲ್ಲವೇ ಹೊರತು ತತ್ತ್ವವನ್ನು ತಿಳಿಸಲಾರವು. ಇಷ್ಟಲಿಂಗವು ದೂರದ ಗೋಪುರದಿಂದ ಬಂದು ಹೋಗುವ ಅಲೆಯಲ್ಲ. ಅದು ಗುರುವು ಕರಸ್ಥಲಕ್ಕೆ ಅನುಗ್ರಹಿಸಿ, ಅಂಗದ ಮೇಲೆ ಧರಿಸಿ, ಪ್ರಾಣವಿರುವವರೆಗೆ ಅಗಲಬಾರದೆಂದು ವಿಧಿಸಿದುದು. ಆ ಪಕ್ಷದಿಂದ ಸಂಬಂಧವು ಎಂದೂ ಕಡಿಯುವುದಿಲ್ಲ. ಕಡಿಯುವುದೇನಿದ್ದರೂ ನೋಡುವವನ ಅವಧಾನ. ಆದುದರಿಂದ ಉಪಮಾನದ ಗೊಡವೆಗೆ ಹೋಗದೆ, ಈ ಸಣ್ಣ ಯಂತ್ರದ ದೋಷವು ಒಂದು ಮನೆಯಲ್ಲಿ ಎಂಥ ಧರ್ಮಸಂಕಟವನ್ನು ತಂದಿತೆಂಬುದನ್ನು ನೋಡುವುದು ಹೆಚ್ಚು ಪ್ರಯೋಜನಕರ.

ಗದಗ ಜಿಲ್ಲೆಯ ಒಂದು ಊರಿನಲ್ಲಿ ಕಲ್ಲು ಮಣ್ಣುಗಳಿಂದ ಕಟ್ಟಿದ ಹಳೆಯ ಮನೆ. ಗೋಡೆಗಳು ಮೊಳಕ್ಕಿಂತ ದಪ್ಪ. ಮನೆಯೊಳಗೆ ಎಪ್ಪತ್ತು ದಾಟಿದ ತಾಯಿಯೊಬ್ಬರೇ. ಹಿರಿಯ ಮಗ ಬೆಂಗಳೂರಿನಲ್ಲಿ ಉದ್ಯೋಗಸ್ಥ, ಕಿರಿಯವನು ಪುಣೆಯಲ್ಲಿ. ನಿತ್ಯವೂ ಬೆಳಗ್ಗೆ ಸಂಜೆ ಬಂದು ಅಂಗಳ ಗುಡಿಸಿ, ನೀರು ತುಂಬಿ, ಮುಸ್ಸಂಜೆಗೆ ಜಗುಲಿಯ ದೀಪ ಹಚ್ಚಿಟ್ಟು ಹೋಗುತ್ತಿದ್ದ ಹೆಂಗಸೊಬ್ಬಳು ಆ ಮನೆಯಲ್ಲಿ ಹದಿನೆಂಟು ವರ್ಷದಿಂದ ದುಡಿಯುತ್ತಿದ್ದಳು. ಹಿರಿಯ ಮಗನು ದೀಪಾವಳಿಗೆ ಬಂದಾಗ ಪಡಸಾಲೆಯ ಮೂಲೆಯಲ್ಲಿ ಕ್ಯಾಮೆರಾ ಇರಿಸಿದನು. ಪಡಸಾಲೆಯೂ ಒಳಕೋಣೆಯ ಬಾಗಿಲೂ ಒಟ್ಟಿಗೆ ಕಾಣಬೇಕೆಂಬುದು ಅವನ ಅಪೇಕ್ಷೆ. ಆ ಮೂಲೆಯಲ್ಲಿ ವಿದ್ಯುತ್ ಮೂಲ ಇರಲಿಲ್ಲವಾದ ಕಾರಣ ಐದು ಮೀಟರ್ ಉದ್ದದ ತೆಳು ತಂತಿಯೊಂದನ್ನು ಪೇಟೆಯಿಂದ ತಂದು ಗೋಡೆಯುದ್ದಕ್ಕೆ ಮೊಳೆ ಹೊಡೆದು ಎಳೆದನು. ಕೆಲವು ವಾರಗಳ ಮೇಲೆ ಕ್ಯಾಮೆರಾದೊಂದಿಗೆ ಬಂದಿದ್ದ ಅಡಾಪ್ಟರ್ ಕೆಟ್ಟುದರಿಂದ, ಮನೆಯಲ್ಲಿ ಬಿದ್ದಿದ್ದ ಹಳೆಯ ಮೊಬೈಲ್ ಚಾರ್ಜರ್ ಒಂದನ್ನು ಅದಕ್ಕೆ ಸಿಕ್ಕಿಸುವಂತೆ ದೂರವಾಣಿಯಲ್ಲಿ ಹೇಳಿದವನೂ ಅವನೇ.

ಅಲ್ಲಿಂದ ಮುಂದೆ ದಿನವೂ ಮುಸ್ಸಂಜೆಗೆ ಸರಿಯಾಗಿ ಚಿತ್ರ ನಿಂತುಹೋಗತೊಡಗಿತು. ಬೆಳಗಾದ ಮೇಲೆ ತಾನಾಗಿ ಮರಳಿ ಬರುತ್ತಿತ್ತು. ಮಗನು ಬೆಂಗಳೂರಿನಲ್ಲಿ ಕುಳಿತು ಲೆಕ್ಕ ಹಾಕಿದನು. ಕೊನೆಗೆ ಕಾಣುವ ರೂಪವು ಯಾವಾಗಲೂ ಆ ಹೆಂಗಸಿನದು: ಕೈಯಲ್ಲಿ ಎಣ್ಣೆಯ ಗಿಂಡಿ ಹಿಡಿದು ಒಳಕೋಣೆಯ ಕಡೆಗೆ ಹೋಗುತ್ತಿರುವುದು. ಅದಾದ ಬಳಿಕ ಕತ್ತಲೆ. ಅವಳು ನಡೆಯುವ ದಾರಿಯಲ್ಲಿಯೇ ವಿದ್ಯುತ್ತಿನ ಗುಂಡಿಗಳ ಹಲಗೆಯೂ ಇತ್ತು. ಒಳಕೋಣೆಯಲ್ಲಿ ತಾಯಿಯ ಪೆಟ್ಟಿಗೆಯಿತ್ತು. ಇಷ್ಟು ಸಾಕಾಯಿತು. ಅವಳು ಕ್ಯಾಮೆರಾವನ್ನು ನಂದಿಸುತ್ತಿರುವಳೆಂದೂ, ನಂದಿಸುವುದಕ್ಕೆ ಕಾರಣವಿರಲೇಬೇಕೆಂದೂ ಅವನು ನಿಶ್ಚಯಿಸಿದನು. ಪೆಟ್ಟಿಗೆಯಿಂದ ಏನಾದರೂ ಹೋಗಿದೆಯೇ ಎಂದು ತಾಯಿಯನ್ನು ಕೇಳಲಿಲ್ಲ. ಒಂದು ದಿನ ಅವಳಿಗೆ ದೂರವಾಣಿ ಮಾಡಿ, ಇನ್ನು ಬರಬೇಡವೆಂದು ಹೇಳಿಬಿಟ್ಟನು. ಕಾರಣ ಕೇಳಿದ್ದಕ್ಕೆ, ನಿನಗೇ ಗೊತ್ತಿದೆ ಎಂದು ಉತ್ತರ ಕೊಟ್ಟನು.

ಇಲ್ಲಿ ಸ್ವಲ್ಪ ನಿಂತು ವಿಚಾರಿಸಬೇಕು. ಕ್ಯಾಮೆರಾ ಅವನಿಗೆ ತೋರಿಸಿದುದು ಸುಳ್ಳಲ್ಲ. ಹೆಂಗಸು ಒಳಗೆ ಹೋದುದು ನಿಜ, ಆಮೇಲೆ ಚಿತ್ರ ನಿಂತುದೂ ನಿಜ. ಎರಡು ನಿಜಗಳ ನಡುವೆ ಒಂದು ಗಂಟನ್ನು ಹಾಕಿದುದು ಮಾತ್ರ ಅವನ ಮನಸ್ಸು. ರೂಪವೆಂಬ ಪದಾರ್ಥವು ಕಣ್ಣಿಗೆ ಬಂದಾಗ ಅದನ್ನು ನಿರಹಂಕಾರದ ಕೈಯಿಂದ ಅರ್ಪಿಸದೆ, ತನಗೆ ಎಲ್ಲವೂ ಗೊತ್ತೆಂಬ ಕೈಯಿಂದ ಎತ್ತಿಕೊಂಡರೆ ಆಗುವ ಅನರ್ಥವಿದು. ಅಂಗಳ ಗುಡಿಸುವ ಕಾಯಕವನ್ನು ಕೀಳೆಂದು ಭಾವಿಸುವ ಅಭ್ಯಾಸವೂ ಇದರ ಹಿಂದೆ ಅಡಗಿತ್ತೆಂಬುದನ್ನು ಮುಚ್ಚಿಡಬಾರದು. ಅದೇ ಸಂಜೆ ಅದೇ ಪಡಸಾಲೆಯಲ್ಲಿ ನೆರೆಮನೆಯ ಶ್ರೀಮಂತ ಬಂಧುವೊಬ್ಬರು ನಡೆದುಹೋಗಿದ್ದರೆ ಅವನಿಗೆ ಸಂಶಯ ಬರುತ್ತಿತ್ತೇ? ಶಿವಮೊಗ್ಗ ಜಿಲ್ಲೆಯ ಜಂಬೂರಿನವರೆಂದು ಪ್ರತೀತಿಯಿರುವ ಶರಣೆ ಸತ್ಯಕ್ಕನವರು ಭಕ್ತರ ಮನೆಯಂಗಳ ಗುಡಿಸುವ ಕಾಯಕದವರು. ಹಾದಿಯಲ್ಲಿ ಬಿದ್ದ ಪರರ ವಸ್ತುವನ್ನು ಮುಟ್ಟುವುದಿಲ್ಲವೆಂಬ ಅವರ ನೇಮವು ಎಷ್ಟೋ ಪ್ರವಚನಗಳಲ್ಲಿ ಕೊಂಡಾಡಲ್ಪಡುತ್ತದೆ. ಆ ಪ್ರವಚನವನ್ನು ಕೇಳಿ ತಲೆದೂಗಿ ಮನೆಗೆ ಬಂದವರು, ತಮ್ಮ ಅಂಗಳದಲ್ಲಿ ಕಸಬರಿಕೆ ಹಿಡಿದು ನಿಂತಿರುವವಳನ್ನು ಯಾವ ಕಣ್ಣಿನಿಂದ ನೋಡುವರೆಂಬುದೇ ಪ್ರಶ್ನೆ.

ತಾಯಿಯು ಮಗನ ಮಾತನ್ನು ಒಪ್ಪಲಿಲ್ಲ. ಆದರೆ ವಾದವನ್ನೂ ಮಾಡಲಿಲ್ಲ, ಸುಮ್ಮನೆ ಗಮನಿಸತೊಡಗಿದರು. ಹೆಂಗಸು ಬರುವುದು ನಿಂತ ದಿನವೇ ಸಂಜೆ ಚಿತ್ರ ಎಂದಿನಂತೆ ನಿಂತಿತು. ಮರುದಿನವೂ ನಿಂತಿತು. ಮಗನು ಇದಕ್ಕೆ ಬೇರೆ ಏನೋ ಕಾರಣವಿರಬೇಕೆಂದು ಜಾರಿಕೊಂಡನು. ಒಂದು ಮಧ್ಯಾಹ್ನ ಮೂರು ಗಂಟೆಗೆ ಅಡ್ಡಮಳೆಯ ಮೋಡ ಕವಿದು ಪಡಸಾಲೆಯೆಲ್ಲ ಕತ್ತಲಾಯಿತು. ತಲೆಯ ಮೇಲೆ ಪಂಕ ತಿರುಗುತ್ತಲೇ ಇತ್ತು, ಅಂದರೆ ವಿದ್ಯುತ್ ಹೋಗಿರಲಿಲ್ಲ. ಆಗಲೇ ಬೆಂಗಳೂರಿನಿಂದ ಮಗನ ಕರೆ ಬಂದು, ಕ್ಯಾಮೆರಾ ನಿಂತಿತಲ್ಲ, ಮನೆಗೆ ಯಾರು ಬಂದಿರುವರೆಂದು ಕೇಳಿದನು. ತಾಯಿಯವರು ಹೇಳಿದುದು ಇಷ್ಟೇ: “ಯಾರೂ ಬಂದಿಲ್ಲಪ್ಪಾ, ಕತ್ತಲೆ ಬಂದಿದೆ.”

ಆ ಮಾತಿನಲ್ಲಿ ಯಂತ್ರಶಾಸ್ತ್ರದ ಮೂಲಸೂತ್ರವೇ ಇದ್ದಿತೆನ್ನಬೇಕು. ಅಷ್ಟರವರೆಗೆ ಮಗನು ಮಾಡಿದ್ದ ಉಪಾಯಗಳು ಒಂದೆರಡಲ್ಲ. ರೂಟರನ್ನು ನಂದಿಸಿ ಹೊತ್ತಿಸುವಂತೆ ತಾಯಿಯಿಂದ ಮಾಡಿಸಿದ್ದನು. ಸಾಮಾನ್ಯವಾಗಿ ಎಲ್ಲರೂ ಮೊದಲು ಮಾಡುವುದು ಇದನ್ನೇ, ಅದರಿಂದ ಒಮ್ಮೊಮ್ಮೆ ಗುಣವಾಗುವುದೂ ಉಂಟು. ಆದರೆ ಕಾರಣವು ತಿಳಿಯದೆ ಬಂದ ಗುಣವು ನಾಲ್ಕು ದಿನದ ನೆಂಟ. ಯುಗಾದಿಗೆ ಊರಿಗೆ ಬಂದಾಗ ಅವನು ಊರಿನಲ್ಲಿ ವಿದ್ಯುತ್ ಕೆಲಸ ಮಾಡುವ ಯುವಕನೊಬ್ಬನನ್ನು ಕರೆಸಿದನು. ಆ ಯುವಕನು ಕ್ಯಾಮೆರಾವನ್ನು ಮುಟ್ಟುವ ಮೊದಲು ಮನೆಯನ್ನು ಒಂದು ಸುತ್ತು ನೋಡಿದನಂತೆ. ರೋಗಿಯ ನಾಡಿಯನ್ನು ಹಿಡಿಯುವ ಮೊದಲು ಮುಖ ನೋಡುವ ವೈದ್ಯನ ಕ್ರಮವಿದು.

ಮೊದಲಿಗೆ ಅವನು ಕಂಡುದು ಅಲೆಗಳ ಕೊರತೆಯನ್ನು. ರೂಟರ್ ಒಳಕೋಣೆಯಲ್ಲಿ ಕಬ್ಬಿಣದ ಕಪಾಟಿನ ಹಿಂದೆ ಇದ್ದಿತು. ನಡುವೆ ಎರಡು ಕಲ್ಲುಗೋಡೆಗಳು. ಮನೆಯ ವೈ-ಫೈ ಅಲೆಗಳು ಬಹುಮಟ್ಟಿಗೆ 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಪಟ್ಟಿಗಳಲ್ಲಿ ಹರಿಯುವುವು. ಮೊದಲನೆಯದು ನಿಧಾನಿ, ಆದರೆ ಗೋಡೆಗಳನ್ನು ಹೆಚ್ಚು ಸುಲಭವಾಗಿ ದಾಟಬಲ್ಲುದು. ಎರಡನೆಯದು ವೇಗಿ, ಆದರೆ ಗೋಡೆ ಬಂದರೆ ಬೇಗನೆ ಬಸವಳಿಯುವುದು. ಇಂಥ ಸಣ್ಣ ಕ್ಯಾಮೆರಾಗಳಲ್ಲಿ ಅನೇಕವು ಮೊದಲನೆಯ ಪಟ್ಟಿಯನ್ನು ಮಾತ್ರ ಅರಿಯುವುವು. ಅಲೆಯ ಬಲವನ್ನು ಡೆಸಿಬೆಲ್ ಎಂಬ ಮಾನದಿಂದ ಅಳೆಯುವರು. ಅಂಕೆಯು ಋಣಾತ್ಮಕವಾದುದರಿಂದ ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು. −65ರ ಆಸುಪಾಸಿನಲ್ಲಿದ್ದರೆ ಚಿತ್ರವು ಸರಾಗ, −80ಕ್ಕೆ ಇಳಿದರೆ ತಡವರಿಕೆ. ಆ ಮೂಲೆಯಲ್ಲಿ −79 ತೋರಿತು. ರೂಟರನ್ನು ಕಪಾಟಿನ ಹಿಂದಿನಿಂದ ತೆಗೆದು ನಡುಮನೆಯ ಗೂಡಿನಲ್ಲಿ ಎತ್ತರಕ್ಕೆ ಇರಿಸಿದ ಕೂಡಲೇ −63ಕ್ಕೆ ಬಂದಿತು. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮೇಲೊಂದು ಹಾಯದ ದಾರಿಗಳೆಂದರೆ 1, 6, 11 ಎಂಬ ಮೂರೇ. ನೆರೆಮನೆಯವರ ರೂಟರು ಆರನೆಯದರಲ್ಲಿದ್ದುದರಿಂದ ಇವರದನ್ನು ಹನ್ನೊಂದನೆಯದಕ್ಕೆ ಬದಲಿಸಿದನು. ಹಗಲಿನ ತಡವರಿಕೆ ಮಾಯವಾಯಿತು. ಮಗನು ಸಂತೋಷಪಟ್ಟು ಯುವಕನಿಗೆ ಹಣ ಕೊಡಲು ಹೋದನು. ಸಂಜೆ ಕಳೆಯಲಿ ಎಂದು ಅವನು ಹಣವನ್ನು ಮುಟ್ಟಲಿಲ್ಲ.

ಸಂಜೆ ಚಿತ್ರ ಮತ್ತೆ ನಿಂತಿತು.

ಆಗ ಯುವಕನು ಕ್ಯಾಮೆರಾದ ಒಳಗಿದ್ದ ನೆನಪಿನ ಚೀಟಿಯನ್ನು, ಅಂದರೆ ಮೆಮೊರಿ ಕಾರ್ಡನ್ನು ತೆಗೆದು ನೋಡಿದನು. ಈ ಪರೀಕ್ಷೆಯನ್ನು ಇಂಥ ಸಾಧನವಿರುವ ಮನೆಯವರೆಲ್ಲರೂ ತಿಳಿದಿರಬೇಕು. ಇಂಟರ್‌ನೆಟ್ ಕಡಿದಾಗಲೂ ಸಾಮಾನ್ಯವಾಗಿ ಕ್ಯಾಮೆರಾವು ತನ್ನ ಕಾರ್ಡಿನಲ್ಲಿ ಚಿತ್ರವನ್ನು ಬರೆದುಕೊಳ್ಳುತ್ತಲೇ ಇರುವುದು. ಕಾರ್ಡಿನಲ್ಲಿ ಚಿತ್ರ ಎಡೆಬಿಡದೆ ಇದ್ದರೆ ದೋಷವು ಅಲೆಯಲ್ಲಿ ಅಥವಾ ರೂಟರಿನಲ್ಲಿ. ಕಾರ್ಡಿನಲ್ಲಿಯೂ ಬರಿದು ಕಂಡರೆ ಕ್ಯಾಮೆರಾಕ್ಕೆ ಅನ್ನವೇ, ಅಂದರೆ ವಿದ್ಯುತ್ತೇ, ಸರಿಯಾಗಿ ಸಿಗುತ್ತಿಲ್ಲವೆಂದು ತಿಳಿಯಬೇಕು. ಇಲ್ಲಿ ರಾತ್ರಿಯೆಲ್ಲ ಕಾರ್ಡು ಬರಿದಾಗಿತ್ತು. ನಡುನಡುವೆ ಮೂರು ನಾಲ್ಕು ಕ್ಷಣಗಳ ತುಣುಕುಗಳಿದ್ದುವು. ಕಣ್ಣು ತೆರೆಯುವುದು, ಮುಚ್ಚುವುದು, ಮತ್ತೆ ತೆರೆಯುವುದು.

ಕಾರಣವು ಸರಳವಾದುದೇ. ಕತ್ತಲಾದೊಡನೆ ಈ ಕ್ಯಾಮೆರಾಗಳು ಮನುಷ್ಯನ ಕಣ್ಣಿಗೆ ಕಾಣದ ಅವಗೆಂಪು ಕಿರಣಗಳ ಸಣ್ಣ ದೀಪಗಳನ್ನು ತಾವಾಗಿಯೇ ಹೊತ್ತಿಸಿಕೊಂಡು ನೋಡುವುವು. ಹಗಲಿನಲ್ಲಿ 0.3 ಆಂಪಿಯರಿನಷ್ಟು ಪ್ರವಾಹವನ್ನು ಎಳೆಯುವ ಸಾಧನವು ಆ ದೀಪಗಳು ಹೊತ್ತಿದಾಗ 0.8ರವರೆಗೂ ಎಳೆಯಬಹುದು. ಮಗನು ತಂದಿದ್ದ ತಂತಿಯೊಳಗಿನ ತಾಮ್ರವು ದಾರದೆಳೆಯಷ್ಟು ತೆಳು; ಅಂಥದು ಮೀಟರಿಗೆ ಸುಮಾರು 0.2 ಓಮ್ ತಡೆಯೊಡ್ಡುವುದು. ಐದು ಮೀಟರ್ ಹೋಗಿ ಐದು ಮೀಟರ್ ಬರುವ ಪ್ರವಾಹಕ್ಕೆ ಒಟ್ಟು 2 ಓಮ್. ಹಗಲಿನಲ್ಲಿ ದಾರಿಯಲ್ಲಿ ಸೋರಿಹೋಗುವುದು 0.6 ವೋಲ್ಟ್, ಅದನ್ನು ಕ್ಯಾಮೆರಾ ಸೈರಿಸಿಕೊಳ್ಳುವುದು. ರಾತ್ರಿಯಲ್ಲಾದರೋ 1.6 ವೋಲ್ಟ್ ಸೋರಿ, 5 ವೋಲ್ಟಿನಲ್ಲಿ ಉಳಿಯುವುದು 3.4 ಮಾತ್ರ. ಮೇಲಾಗಿ ಆ ಹಳೆಯ ಚಾರ್ಜರಿಗೆ ಅಷ್ಟು ಪ್ರವಾಹವನ್ನು ತುಂಬಿ ಕೊಡುವ ಶಕ್ತಿಯೂ ಉಳಿದಿರಲಿಲ್ಲ. ಕ್ಯಾಮೆರಾ ನಂದುವುದು, ನಂದಿದರೆ ಹೊರೆ ಇಳಿಯುವುದು, ಮತ್ತೆ ಎಚ್ಚರಗೊಳ್ಳುವುದು, ಕತ್ತಲೆಯನ್ನು ಕಂಡು ಮತ್ತೆ ದೀಪ ಹೊತ್ತಿಸುವುದು, ಮತ್ತೆ ನಂದುವುದು. ರೂಟರಿನೊಡನೆ ಮಾತು ಮುಗಿಸುವಷ್ಟು ಕಾಲವೂ ಅದಕ್ಕೆ ಸಿಗುತ್ತಿರಲಿಲ್ಲ.

ಮಗನಿಗೆ ಲೆಕ್ಕವು ಅರ್ಥವಾದರೂ ಮನಸ್ಸು ಒಪ್ಪಲಿಲ್ಲ. ಮನಸ್ಸಿನ ಸ್ವಭಾವವೇ ಹಾಗೆ; ಒಮ್ಮೆ ಒಬ್ಬರ ಮೇಲೆ ದೋಷವನ್ನು ಹೊರಿಸಿದ ಮೇಲೆ ಅದನ್ನು ಇಳಿಸುವುದಕ್ಕೆ ನೂರು ಸಾಕ್ಷಿಗಳನ್ನು ಕೇಳುವುದು, ಹೊರಿಸುವಾಗ ಒಂದನ್ನೂ ಕೇಳದೆ ಇದ್ದುದನ್ನು ಮರೆಯುವುದು. ಮರುದಿನ ನಡುಹಗಲು ಹನ್ನೆರಡು ಗಂಟೆಗೆ ಯುವಕನು ಬಂದು, ಕ್ಯಾಮೆರಾದ ಮುಖವನ್ನು ಅಂಗೈಯಿಂದ ಮುಚ್ಚಿದನು. ಕ್ಯಾಮೆರಾ ರಾತ್ರಿಯಾಯಿತೆಂದು ಭ್ರಮಿಸಿ ದೀಪ ಹೊತ್ತಿಸಿತು. ಎಣಿಸುವುದರೊಳಗೆ ಮಗನ ಮೊಬೈಲಿನಲ್ಲಿ ಚಿತ್ರ ಸತ್ತುಹೋಯಿತು. ಅಂಗೈ ತೆಗೆದ ಮೇಲೆ ಕೆಲವು ನಿಮಿಷಗಳಲ್ಲಿ ಮರಳಿ ಬಂದಿತು. ಮತ್ತೆ ಮುಚ್ಚಿದನು; ಮತ್ತೆ ಹೋಯಿತು. ಮೂರನೆಯ ಸಲ ಮುಚ್ಚಲು ಮಗನು ಬಿಡಲಿಲ್ಲ.

ಅವಧಾನವೆಂದರೆ ಏನೆಂಬುದಕ್ಕೆ ಆ ಯುವಕನ ನಡೆಯಲ್ಲಿ ಒಳ್ಳೆಯ ದೃಷ್ಟಾಂತವಿದೆ. ಅವನು ಯಾರನ್ನೂ ನಂಬಲೂ ಇಲ್ಲ, ಸಂಶಯಿಸಲೂ ಇಲ್ಲ. ಪದಾರ್ಥವನ್ನು ಪದಾರ್ಥವಾಗಿಯೇ ಕಂಡು, ಒಂದೊಂದನ್ನೇ ಬೇರೆ ಮಾಡಿ ಪರೀಕ್ಷಿಸಿ, ಹಗಲಿನ ದೋಷ ಬೇರೆ, ಸಂಜೆಯ ದೋಷ ಬೇರೆ ಎಂದು ತಿಳಿದನು. ತನ್ನ ಮೊದಲ ಚಿಕಿತ್ಸೆಯಿಂದ ಅರ್ಧ ಗುಣವಾದಾಗ ಅದನ್ನೇ ಪೂರ್ಣವೆಂದು ಹೇಳಿಕೊಳ್ಳಲಿಲ್ಲ. ನಿರಹಂಕಾರದ ಹಸ್ತವೆಂದು ಆಚಾರ್ಯರು ಹೇಳುವುದು ಕಾಡಿನಲ್ಲಿ ಕುಳಿತ ತಪಸ್ವಿಗೆ ಮಾತ್ರ ಸಲ್ಲುವ ಮಾತಲ್ಲ. ತಂತಿಯನ್ನು ಹಿಡಿದ ಕೈಗೂ ಅದು ಸಲ್ಲುವುದು. ಕಾಯಕದಲ್ಲಿಯೇ ಕೈಲಾಸವನ್ನು ಕಂಡ ಶರಣರ ಅಭಿಪ್ರಾಯವೂ ಇದೇ ಆಗಿರಬೇಕು.

ದುರಸ್ತಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. 5 ವೋಲ್ಟ್, 2 ಆಂಪಿಯರಿನ ಹೊಸ ಅಡಾಪ್ಟರ್ ಬಂದಿತು. ಮನೆಯ ದಪ್ಪ ವಿದ್ಯುತ್ ತಂತಿಯನ್ನೇ ಮೂಲೆಯವರೆಗೆ ಎಳೆದು ಅಲ್ಲಿ ಒಂದು ಮೂಲವನ್ನು ಕೂರಿಸಿ, ಅಡಾಪ್ಟರಿನಿಂದ ಕ್ಯಾಮೆರಾಕ್ಕೆ ಒಂದು ಮೀಟರಿನ ಗಿಡ್ಡ ತಂತಿಯನ್ನು ಮಾತ್ರ ಉಳಿಸಿದನು. ಊರಿನಲ್ಲಿ ವಿದ್ಯುತ್ ಹೋಗಿ ಬರುವುದು ವಾಡಿಕೆಯಾದುದರಿಂದ ರೂಟರಿಗೆ ಒಂದು ಸಣ್ಣ ಬ್ಯಾಟರಿಯ ಆಸರೆಯನ್ನೂ ಕೊಟ್ಟನು. ಇಲ್ಲವಾದರೆ ವಿದ್ಯುತ್ ಮರಳಿದಾಗ ಕ್ಯಾಮೆರಾ ಮೊದಲು ಎದ್ದು, ರೂಟರ್ ಇನ್ನೂ ಏಳದಿರುವುದನ್ನು ಕಂಡು, ಸಂಪರ್ಕಕ್ಕಾಗಿ ತಡಕಾಡುತ್ತ ಉಳಿಯುವುದುಂಟು. ರೂಟರಿನ ಪಟ್ಟಿಯಲ್ಲಿ ಕ್ಯಾಮೆರಾಕ್ಕೆ ಒಂದು ಸ್ಥಿರವಾದ ವಿಳಾಸವನ್ನು ಬರೆದಿಟ್ಟನು.

ಇನ್ನೊಂದನ್ನೂ ಅವನು ಬದಲಿಸಿದನು. ಕ್ಯಾಮೆರಾದೊಡನೆ ಕಾರ್ಖಾನೆಯಿಂದ ಬಂದಿದ್ದ ಗುಪ್ತಪದವೇ ಇನ್ನೂ ಇದ್ದಿತು. 2016ರಲ್ಲಿ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶವು ಇಂಥ ಬದಲಿಸದೆ ಬಿಟ್ಟ ಗುಪ್ತಪದಗಳ 60ಕ್ಕೂ ಹೆಚ್ಚಿನ ಪಟ್ಟಿಯೊಂದನ್ನು ಹಿಡಿದುಕೊಂಡು ಲೋಕದ ಲಕ್ಷಾಂತರ ಕ್ಯಾಮೆರಾ, ರೂಟರುಗಳ ಒಳಹೊಕ್ಕು ಅವನ್ನು ತನ್ನ ಆಳುಗಳನ್ನಾಗಿ ಮಾಡಿಕೊಂಡಿತು. ಆ ವರ್ಷದ ಅಕ್ಟೋಬರ್ 21ರಂದು ಅಮೆರಿಕೆಯಲ್ಲಿ ಅನೇಕ ಪ್ರಸಿದ್ಧ ಅಂತರಜಾಲ ತಾಣಗಳು ಗಂಟೆಗಟ್ಟಲೆ ಸ್ತಬ್ಧವಾದುದು ಅದರಿಂದಲೇ. ಕಾವಲಿಗೆಂದು ಇಟ್ಟ ಕಣ್ಣುಗಳೇ ಕಳ್ಳನ ಕೈಸೇರಿದ್ದುವು. ಮನೆಯ ಕೆಲಸದವಳ ಮೇಲೆ ಕಣ್ಣಿಟ್ಟಿದ್ದ ಮಗನು ಈ ಬಾಗಿಲನ್ನು ಐದು ತಿಂಗಳು ತೆರೆದೇ ಇಟ್ಟಿದ್ದನು.

ಮುಖ್ಯವಾದ ದುರಸ್ತಿ ಇನ್ನೂ ಉಳಿದಿತ್ತು. ತಾಯಿಯವರು ಮಗನಿಗೆ ಬುದ್ಧಿ ಹೇಳಲಿಲ್ಲ. ಬಸವಣ್ಣನವರ ಮನೆಯ ಹಸುಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ, ತಾಯಿಯನ್ನಗಲಿದ ಕರುಗಳು ಕೂಗುವುದನ್ನು ತಾಳದೆ ಅವುಗಳನ್ನೂ ಕಳ್ಳರ ಬಳಿಗೆ ಕಳುಹಿಸಿದ ಪ್ರಸಂಗವನ್ನು ಮಾತ್ರ ನೆನಪಿಸಿದರು. ಮಗನು, ಅದು ಬಸವಣ್ಣನವರಿಂದ ಮಾತ್ರ ಆಗುವ ಕೆಲಸವೆಂದನು. ತಾಯಿಯವರು ಹೌದೆಂದು ಒಪ್ಪಿದರು. “ಅವರು ಕದ್ದವರಿಗೆ ಕರುವನ್ನು ಕೊಟ್ಟರು. ನೀನು ಕದಿಯದವಳ ಕೂಲಿಯನ್ನು ಕೊಟ್ಟು ಬಾ, ಅಷ್ಟೇ” ಎಂದರು. ಪ್ರವಚನಕಾರರು ಈ ಪ್ರಸಂಗವನ್ನು ಹೇಳಿ ಅತ್ಯುನ್ನತ ಆದರ್ಶವನ್ನು ಎತ್ತಿ ಹಿಡಿಯುವುದು ಯುಕ್ತವೇ. ಆದರೆ ಗೃಹಸ್ಥನು ಆ ಎತ್ತರವನ್ನು ನೋಡಿ ಕೈಮುಗಿದು, ಕಾಲಬುಡದಲ್ಲಿರುವ ಮೊದಲ ಮೆಟ್ಟಿಲನ್ನೂ ಏರದೆ ಕುಳಿತುಬಿಡುವ ಅಪಾಯವಿದೆ. ಆ ವೃದ್ಧೆಯು ಮೆಟ್ಟಿಲನ್ನು ತೋರಿಸಿದರು.

ಮಗನು ಅವಳ ಮನೆಗೆ ಹೋದನು. ಕಳುಹಿಸಿ ಕರೆಸಲಿಲ್ಲ, ತಾನೇ ಹೋದನು. ನಿಂತ ದಿನಗಳ ಕೂಲಿಯನ್ನು ಮುಂದಿಟ್ಟು, ತಾನು ಸಂಶಯಪಟ್ಟುದನ್ನೂ, ಸಂಶಯ ಸುಳ್ಳಾದುದನ್ನೂ, ತಂತಿಯನ್ನು ತಂದವನು ತಾನೇ ಎಂಬುದನ್ನೂ ಹೇಳಿದನು. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಕೂಲಿಯನ್ನು ತೆಗೆದುಕೊಂಡಳು, ಅದು ತನಗೆ ಬರಬೇಕಾದುದೆಂದಳು. ಆಮೇಲೆ ಕೇಳಿದ ಪ್ರಶ್ನೆಯೊಂದೇ. ಆ ಮೂಲೆಯಲ್ಲಿರುವುದು ತನ್ನನ್ನು ನೋಡುವ ಯಂತ್ರವೆಂದು ಇಷ್ಟು ದಿನ ಯಾರೂ ಏಕೆ ಹೇಳಲಿಲ್ಲ? ಅವಳು ಅದನ್ನು ಹೊಸ ಬಗೆಯ ದೀಪವೆಂದು ತಿಳಿದಿದ್ದಳು.

ಇದಕ್ಕೆ ಮಗನಲ್ಲಿ ಉತ್ತರವಿರಲಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ಆ ಹಕ್ಕು ಮನೆಯ ಯಜಮಾನನಿಗೆ ಮಾತ್ರ ಇದೆಯೆಂದು ಅಲ್ಲಿ ಬರೆದಿಲ್ಲ. ಕಾನೂನಿನ ಮಾತು ಹಾಗಿರಲಿ, ಜಂಗಮವನ್ನು ಲಿಂಗಕ್ಕಿಂತ ಮಿಗಿಲೆಂದು ಭಾವಿಸುವ ಮತದಲ್ಲಿ, ಚಲಿಸುವ ಜೀವವೊಂದನ್ನು ಅದಕ್ಕೆ ತಿಳಿಯದಂತೆ ನೋಡುತ್ತಿರುವುದು ಯಾವ ಪೂಜೆಯೆನಿಸೀತು? ಬಚ್ಚಲು, ಮಲಗುವ ಕೋಣೆ, ಪೂಜೆಯ ಸ್ಥಳಗಳಲ್ಲಿ ಕ್ಯಾಮೆರಾ ಇರಬಾರದೆಂಬುದನ್ನು ಹೇಳಬೇಕಾದುದೇ ಇಲ್ಲ. ಉಳಿದೆಡೆ ಇದ್ದರೂ, ಮನೆಗೆ ಬಂದು ಹೋಗುವವರಿಗೆ ಅದು ಇದೆಯೆಂದು ಬಾಯಿಬಿಟ್ಟು ಹೇಳುವುದು ಸದಾಚಾರದ ಮಾತು.

ಅವಳು ಮೂರನೆಯ ದಿನ ಬಂದಳು. ಒಂದು ನಿಬಂಧನೆಯನ್ನು ತಂದಿದ್ದಳು, ಯಂತ್ರದ ಮುಖವನ್ನು ಬೀದಿಬಾಗಿಲ ಕಡೆಗೆ ತಿರುಗಿಸಬೇಕೆಂದು. ಮಗನು ಏಣಿ ಹತ್ತಿ ತಾನೇ ತಿರುಗಿಸಿದನು. ಈಗ ಅವನಿಗೆ ಬೆಂಗಳೂರಿನಲ್ಲಿ ಕಾಣುವುದು ಹೊಸ್ತಿಲು, ಮೆಟ್ಟಿಲು, ಬೇವಿನ ಮರದ ನೆರಳು. ತಾಯಿ ಎದ್ದರೇ, ಉಂಡರೇ ಎಂಬುದನ್ನು ತಿಳಿಯಬೇಕಾದರೆ ದಿನಕ್ಕೆ ಎರಡು ಸಲ ದೂರವಾಣಿ ಮಾಡಬೇಕಾಗಿದೆ, ಮಾಡುತ್ತಿದ್ದಾನೆ. ಅಂಗಳ ಗುಡಿಸಿ ನೀರು ತುಂಬುವ ಕೆಲಸವನ್ನು ಅವಳು ಹಿಂದಿನಂತೆಯೇ ಮಾಡುತ್ತಿರುವಳು. ಒಳಕೋಣೆಗೆ ಮಾತ್ರ ಹೋಗುತ್ತಿಲ್ಲ. ಎಣ್ಣೆಯ ಗಿಂಡಿಯನ್ನು ಹೊಸ್ತಿಲ ಮೇಲೆ ಇಟ್ಟು ಹೋಗುವಳು. ಜಗುಲಿಯ ದೀಪವನ್ನು ತಾಯಿಯವರೇ ನಿಧಾನವಾಗಿ ಎದ್ದು ಬಂದು ಹಚ್ಚುವರು.